‘ಕೋಲಾರದ ಬಾಬ್ ಡಿಲನ್’ ಅಂತ ಬರೆಯುವ ಮುಂಚೆ

ಊರಲ್ಲಿ ಒಬ್ಬ ಹುಡುಗ ಗಿಟಾರ್ ಹಿಡಿದು ತಾನೇ ಬರೆದ ಹಾಡು ಹಾಡಿದರೆ ಸಾಕು, ಮಾರನೇ ದಿನ ಯಾರಾದರೊಬ್ಬರು ‘ನಮ್ಮ ಕೋಲಾರದ ಬಾಬ್ ಡಿಲನ್’ ಅಂತ ಬರೆದೇ ಬಿಡುತ್ತಾರೆ. ಡಿಲನ್ ಅಂದರೆ ತಾನೇ ಬರೆದು ತಾನೇ ಹಾಡುವ ಅಮೆರಿಕದ ಹೆಸರಾಂತ ಹಾಡುಗಾರ. ಹುಡುಗಿ ಆದರೆ ಜೋನಿ ಮಿಚೆಲ್. ದನಿ ಸ್ವಲ್ಪ ದಪ್ಪ, ಹಾಡು ಸ್ವಲ್ಪ ನಿಧಾನ ಅಂದರೆ ಲಿಯೊನಾರ್ಡ್ ಕೋಹೆನ್. ಬರೆದವರಿಗೂ ಖುಷಿ, ಹಾಡಿದವರಿಗೂ ಖುಷಿ. ಓದಿದವರಿಗೆ ಮಾತ್ರ ಆ ಹಾಡು ಹೇಗಿತ್ತು ಅಂತ ಒಂಚೂರೂ ಗೊತ್ತಾಗುವುದಿಲ್ಲ.

ಹೋಲಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಹೋಲಿಕೆ ಬೇಕು. ಆದರೆ ಯಾವುದಕ್ಕೆ ಯಾವುದು, ಎಷ್ಟು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಿರಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಸ್ವಂತ ಹಾಡು ಕಟ್ಟಿ ಹಾಡುವ ಹುಡುಗ ಹುಡುಗಿಯರನ್ನು ಈಗ ನಾನು ಜಾಸ್ತಿ ನೋಡುತ್ತಿದ್ದೇನೆ. ಅವರ ಬಗ್ಗೆ ಕಾಲೇಜು ಪತ್ರಿಕೆಗೋ, ಫೇಸ್‌ಬುಕ್‌ಗೋ, ಜಿಲ್ಲಾ ಪತ್ರಿಕೆಯ ಭಾನುವಾರದ ಪುಟಕ್ಕೋ ಬರೆಯಬೇಕು ಅಂತ ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವಿಮರ್ಶಕರಿಗೆ ಈ ಅಭ್ಯಾಸ ಯಾಕೆ ಬಂತು

ಮೊದಲನೇ ಕಾರಣ ಎಲ್ಲರಿಗೂ ಗೊತ್ತಿರುವುದೇ. ದನಿಯನ್ನು ಕಾಗದದ ಮೇಲೆ ಇಡಲು ಆಗುವುದಿಲ್ಲ. ಓದುಗರು ಕೇಳಿಯೇ ಇಲ್ಲದ ಒಬ್ಬ ಹಾಡುಗಾರನ ಬಗ್ಗೆ ಮುನ್ನೂರು ಪದದಲ್ಲಿ ಹೇಳಬೇಕು ಅಂದಾಗ, ಅವರು ಕೇಳಿರುವ ಒಂದು ಹೆಸರು ಕೈಗೆ ಸಿಗುತ್ತದೆ. ಹೊಸಬ ಊರಿಗೆ ಬಂದಾಗ ಕಟ್ಟೆ ಮೇಲೆ ಕೂತ ಹಿರಿಯರು ‘ಯಾರ ಮಗನಪ್ಪಾ ನೀನು?’ ಅಂತ ಕೇಳುತ್ತಾರಲ್ಲ, ವಿಮರ್ಶಕ ಆ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟು ಬಿಡುತ್ತಾನೆ. ಅದರಲ್ಲಿ ತಪ್ಪಿಲ್ಲ. ಅಪ್ಪನ ಹೆಸರು ಹೇಳಿ ಮಾತು ಅಲ್ಲಿಗೇ ಮುಗಿಸಿದರೆ ಮಾತ್ರ ತಪ್ಪು.

ಎರಡನೇ ಕಾರಣ ಸ್ವಲ್ಪ ಆಳದ್ದು. ಅಮೆರಿಕದ ಪಾಪ್ ಹಾಡಿನ ದೊಡ್ಡ ಮಾರುಕಟ್ಟೆಯಲ್ಲಿ 1960ರ ಸುಮಾರಿಗೂ ಬರೆಯುವವರು ಬೇರೆ, ಹಾಡುವವರು ಬೇರೆ ಇರುವುದೇ ಹೆಚ್ಚಾಗಿತ್ತು. ನಮ್ಮ ಸಿನಿಮಾದಲ್ಲಿ ಈಗಲೂ ಇದೆಯಲ್ಲ, ಸಾಹಿತ್ಯ ಒಬ್ಬರದು, ಸಂಗೀತ ಇನ್ನೊಬ್ಬರದು, ದನಿ ಮತ್ತೊಬ್ಬರದು, ಹಾಗೆ. ಜನಪದದ ಕಡೆ ವುಡಿ ಗತ್ರಿ, ಅಲ್ಲಿನ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತದ ಕಡೆ ಹ್ಯಾಂಕ್ ವಿಲಿಯಮ್ಸ್ ತರಹದವರು ತಾವೇ ಬರೆದು ತಾವೇ ಹಾಡುತ್ತಿದ್ದರು ನಿಜ. ಆದರೆ ‘ಹಾಡುವವನು ತನ್ನ ಮಾತನ್ನೇ ಹಾಡಬೇಕು’ ಅನ್ನುವುದು ಎಲ್ಲರೂ ಒಪ್ಪುವ ರೂಢಿ ಆಗಿದ್ದರಲ್ಲಿ ಡಿಲನ್ ಪಾಲು ಬಹಳ ದೊಡ್ಡದು. ಹಾಗಾಗಿ ಆಮೇಲೆ ಗಿಟಾರ್ ಹಿಡಿದು ತನ್ನ ಮಾತು ಹಾಡಿದ ಪ್ರತಿಯೊಬ್ಬರೂ ಆ ನೆರಳಿನಲ್ಲೇ ನಿಂತಂತೆ ಕಾಣುತ್ತಾರೆ.

ಮೂರನೇದು ದುಡ್ಡು. ರೆಕಾರ್ಡ್ ಕಂಪನಿಗೆ ಹೊಸಬನನ್ನು ಮಾರಬೇಕು, ಮಾರಲು ಒಂದು ಗುರುತು ಬೇಕು. ಜಾನ್ ಹ್ಯಾಮಂಡ್ ಅಂತ ಒಬ್ಬರಿದ್ದರು, ಕೊಲಂಬಿಯಾ ಕಂಪನಿಯವರು. ಡಿಲನ್‌ನನ್ನು 1961ರಲ್ಲಿ ಕಂಪನಿಗೆ ತಂದವರು ಅವರೇ. 1972ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನನ್ನು ತಂದವರೂ ಅವರೇ. ಅದೇ ಕಂಪನಿ, ಅದೇ ಮನುಷ್ಯ, ಇವನ ಕೈಲೂ ಗಿಟಾರ್, ಇವನ ಹಾಡಲ್ಲೂ ಉಸಿರುಕಟ್ಟುವಷ್ಟು ಮಾತು. ‘ಹೊಸ ಡಿಲನ್’ ಅಂತ ಪ್ರಚಾರ ಮಾಡುವುದಕ್ಕೆ ಇನ್ನೇನು ಬೇಕು?

ಇದು ಅಮೆರಿಕದವರ ಚಟ ಮಾತ್ರ ಅಂದುಕೊಳ್ಳಬೇಡಿ. ನಮ್ಮಲ್ಲಿ ಇದು ಒಂಬೈನೂರು ವರ್ಷ ಹಳೆಯದು. ಪಂಪ ಹತ್ತನೇ ಶತಮಾನದವನು. ಅವನಾದ ಮೇಲೆ ಒಂದೂವರೆ ಶತಮಾನಕ್ಕೆ ಬಂದ ನಾಗಚಂದ್ರನಿಗೆ ‘ಅಭಿನವ ಪಂಪ’ ಅಂತಲೇ ಹೆಸರು. ಚಂಪೂ ಶೈಲಿ ಅದೇ, ಜೈನ ಪರಂಪರೆ ಅದೇ, ಹೋಲಿಕೆ ಸರಿಯಾಗೇ ಇದೆ. ಆದರೆ ಪಂಪ ಭಾರತದ ಕಥೆ ಹಿಡಿದ, ಇವನು ರಾಮಾಯಣ ಹಿಡಿದ, ಅದರಲ್ಲೂ ರಾವಣನನ್ನು ನೋಡಿ ನಮಗೇ ಅಯ್ಯೋ ಅನ್ನಿಸುವ ಹಾಗೆ ಬರೆದ. ಇವತ್ತಿಗೂ ನಾಗಚಂದ್ರ ಅಂದ ತಕ್ಷಣ ಮೇಷ್ಟ್ರುಗಳು ಪಾಠ ಮಾಡುವುದು ಆ ರಾವಣನ ಬಗ್ಗೆ.

ಮೊದಲು ಡಿಲನ್‌ನ ಕಥೆಯನ್ನೇ ತಿಳಿದುಕೊಳ್ಳಿ

ಯಾರ ಹೆಸರು ಎತ್ತುತ್ತೀರೋ ಅವರ ಬಗ್ಗೆ ಸ್ವಲ್ಪವಾದರೂ ಗೊತ್ತಿರಬೇಕು, ಅಲ್ವಾ? ಡಿಲನ್ ಬಗ್ಗೆ ಬಹಳ ಜನ ಮರೆಯುವ ವಿಷಯ ಏನೆಂದರೆ, ಅವನೂ ‘ಹೊಸ ಇನ್ಯಾರೋ’ ಆಗಿಯೇ ಶುರು ಮಾಡಿದವನು. 1961ರ ಜನವರಿಯಲ್ಲಿ ಮಿನೆಸೊಟಾದಿಂದ ನ್ಯೂಯಾರ್ಕ್‌ಗೆ ಬಂದಾಗ ಅವನಿಗೆ ಹತ್ತೊಂಬತ್ತು ವರ್ಷ. ಬಂದಿದ್ದೇ ಆಸ್ಪತ್ರೆಯಲ್ಲಿದ್ದ ವುಡಿ ಗತ್ರಿಯನ್ನು ನೋಡುವ ಆಸೆಗೆ. ಮಾತಿನ ಧಾಟಿ, ಟೋಪಿ, ಹಾಡುವ ರೀತಿ, ಎಲ್ಲದರಲ್ಲೂ ಗತ್ರಿ. 1962ರಲ್ಲಿ ಬಂದ ಮೊದಲ ಆಲ್ಬಂನಲ್ಲಿ ಅವನ ಸ್ವಂತ ಹಾಡು ಎರಡೇ. ಅದರಲ್ಲಿ ಒಂದು ಗತ್ರಿಗೇ ಬರೆದ ಹಾಡು, ಅದರ ಧಾಟಿಯೂ ಗತ್ರಿಯದೇ.

ಆ ಆಲ್ಬಂಗೂ ಮುಂಚೆ, 1961ರ ಸೆಪ್ಟೆಂಬರ್‌ನಲ್ಲಿ, ರಾಬರ್ಟ್ ಶೆಲ್ಟನ್ ಅನ್ನುವ ವಿಮರ್ಶಕ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ಹುಡುಗನ ಬಗ್ಗೆ ಬರೆದ. ಆ ಬರಹದಲ್ಲಿ ನನಗೆ ತುಂಬಾ ಇಷ್ಟವಾದ ಮಾತೊಂದಿದೆ. ಈ ಹುಡುಗ ತನ್ನ ಹಿಂದಿನದನ್ನು ಸರಿಯಾಗಿ ಹೇಳುವುದಿಲ್ಲ, ಆದರೆ ಎಲ್ಲಿಂದ ಬಂದ ಅನ್ನುವುದಕ್ಕಿಂತ ಎಲ್ಲಿಗೆ ಹೋಗುತ್ತಿದ್ದಾನೆ ಅನ್ನುವುದು ಮುಖ್ಯ, ಅವನು ನೇರ ಮೇಲಕ್ಕೆ ಹೋಗುವ ಹಾಗೆ ಕಾಣುತ್ತದೆ ಅನ್ನುವ ಅರ್ಥದ ಮಾತು. ಒಂದು ಸಣ್ಣ ಕ್ಲಬ್ಬಿನಲ್ಲಿ ಬೇರೆ ತಂಡಕ್ಕೆ ಮುಂಚೆ ಹಾಡಿದ ಇಪ್ಪತ್ತು ವರ್ಷದ ಹುಡುಗನ ಬಗ್ಗೆ ಬರೆದಿದ್ದು ಇದು.

ಆಮೇಲೆ ಡಿಲನ್ ದೊಡ್ಡವನಾದ, ಅವನ ಹೆಸರು ಬೇರೆಯವರ ತಲೆ ಮೇಲೆ ಕೂತಿತು. 1965ಕ್ಕೇ ಬ್ರಿಟನ್ನಿನ ಡೊನೊವನ್‌ಗೆ ಆ ಹಣೆಪಟ್ಟಿ. 1970ರ ದಶಕದಲ್ಲಿ ಲೌಡನ್ ವೇನ್‌ರೈಟ್, ಜಾನ್ ಪ್ರೈನ್, ಸ್ಪ್ರಿಂಗ್‌ಸ್ಟೀನ್, ಎಲಿಯಟ್ ಮರ್ಫಿ, ಸ್ಟೀವ್ ಫೋರ್ಬರ್ಟ್, ಒಬ್ಬರಾದ ಮೇಲೊಬ್ಬರು. ವೇನ್‌ರೈಟ್‌ಗೆ ಇದು ಎಷ್ಟು ಅಂಟಿಕೊಂಡಿತ್ತು ಅಂದರೆ, 1992ರಲ್ಲಿ ಅವನು ‘ಹೊಸ ಡಿಲನ್’ಗಳ ಬಗ್ಗೆಯೇ ಒಂದು ಹಾಡು ಹಾಡಿ ಹೊರಗೆ ತಂದ. ಸ್ಪ್ರಿಂಗ್‌ಸ್ಟೀನ್‌ನ ಮೊದಲ ಎರಡು ಆಲ್ಬಂ 1973ರಲ್ಲಿ ಬಂದವು, ಹೆಚ್ಚೇನೂ ಹೋಗಲಿಲ್ಲ. ಹೊಸ ಡಿಲನ್‌ಗಾಗಿ ಕಾದು ಕೂತವರಿಗೆ ಅಲ್ಲಿ ಸಿಕ್ಕಿದ್ದು ನ್ಯೂಜೆರ್ಸಿಯ ಸಮುದ್ರದ ದಂಡೆಯ ಹುಡುಗರು, ಕಾರುಗಳು, ಸ್ಯಾಕ್ಸೊಫೋನ್. 1975ರಲ್ಲಿ ಮೂರನೇ ಆಲ್ಬಂ ಬಂದು, ಒಂದೇ ವಾರ ಟೈಮ್ ಮತ್ತು ನ್ಯೂಸ್‌ವೀಕ್ ಎರಡರ ಮುಖಪುಟದಲ್ಲೂ ಅವನ ಚಿತ್ರ ಬಂದ ಮೇಲೆ ಆ ಹಣೆಪಟ್ಟಿ ಕಳಚಿತು.

ಡಿಲನ್‌ಗಾದರೂ ಹೋಲಿಕೆ ತಪ್ಪಿತಾ? 2016ರಲ್ಲಿ ನೊಬೆಲ್ ಕೊಟ್ಟಾಗ ಸ್ವೀಡಿಷ್ ಅಕಾಡೆಮಿಯ ಕಾರ್ಯದರ್ಶಿ ಸಾರಾ ಡೇನಿಯಸ್ ಎತ್ತಿದ ಹೆಸರು ಹೋಮರ್ ಮತ್ತು ಸಾಫೋ.

ಒಬ್ಬ ಪೋಸ್ಟ್‌ಮ್ಯಾನ್ ಬಗ್ಗೆ ಬರೆದ ಒಂದು ಒಳ್ಳೆಯ ವಿಮರ್ಶೆ

ಹೋಲಿಕೆ ಹೇಗೆ ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನು. ಜಾನ್ ಪ್ರೈನ್ ಶಿಕಾಗೊ ಪಕ್ಕದ ಊರಲ್ಲಿ ಮನೆಮನೆಗೆ ಕಾಗದ ಹಂಚುತ್ತಿದ್ದ ಪೋಸ್ಟ್‌ಮ್ಯಾನ್. 1970ರ ಅಕ್ಟೋಬರ್‌ನಲ್ಲಿ ಅವನ ಬಗ್ಗೆ ಬರೆದಿದ್ದು ರೋಜರ್ ಈಬರ್ಟ್, ಅಂದರೆ ಸಿನಿಮಾ ವಿಮರ್ಶಕ. ಆಗ ಪ್ರೈನ್‌ನ ಒಂದು ರೆಕಾರ್ಡೂ ಬಂದಿರಲಿಲ್ಲ.

ಈಬರ್ಟ್ ಮೊದಲು ಹೇಳುವುದು ಆ ಹುಡುಗ ವೇದಿಕೆಗೆ ಹೇಗೆ ಬರುತ್ತಾನೆ ಅಂತ. ಎಷ್ಟು ಸಂಕೋಚ ಅಂದರೆ ಬೆಳಕಿಗೆ ಬೆನ್ನು ಹಾಕಿಕೊಂಡೇ ಬಂದ ಹಾಗಿರುತ್ತದೆ. ದನಿ ಮೆಲ್ಲಗೆ, ಗಿಟಾರ್ ಚೆನ್ನಾಗಿದೆ ಆದರೆ ತೋರಿಕೆ ಇಲ್ಲ. ಒಂದೆರಡು ಹಾಡು ಆಗುವ ಹೊತ್ತಿಗೆ ಕುಡಿದು ಕೂತವರೂ ಸಾಹಿತ್ಯಕ್ಕೆ ಕಿವಿ ಕೊಡಲು ಶುರು ಮಾಡುತ್ತಾರೆ. ಆಮೇಲೆ ಬರುತ್ತದೆ ಹೋಲಿಕೆ, ಅದೂ ಒಂದೇ ವಾಕ್ಯ: ರೋಜರ್ ವಿಲಿಯಮ್ಸ್‌ಗಿಂತ ಹ್ಯಾಂಕ್ ವಿಲಿಯಮ್ಸ್‌ಗೆ ಹತ್ತಿರ, ಫಿಲ್ ಓಕ್ಸ್‌ಗಿಂತ ಡಿಲನ್‌ಗೆ ಹತ್ತಿರ. ಅಷ್ಟೇ. ಮುಂದಕ್ಕೆ ಮತ್ತೆ ಹಾಡುಗಳ ಸಾಲುಗಳಿಗೇ ಹೋಗುತ್ತಾನೆ.

ಇದರಲ್ಲಿ ಎಷ್ಟು ಕೆಲಸ ಆಗಿದೆ ನೋಡಿ. ‘ಡಿಲನ್ ಹಾಗೆ’ ಅಂದಿಲ್ಲ. ‘ಇವನಿಗಿಂತ ಅವನಿಗೆ ಹತ್ತಿರ’ ಅಂದಿದ್ದಾನೆ. ಎರಡು ಕಂಬ ನೆಟ್ಟ ಮೇಲೆ ಹುಡುಗ ಎಲ್ಲಿ ನಿಂತಿದ್ದಾನೆ ಅಂತ ಓದುಗರಿಗೆ ತಾನಾಗೇ ಗೊತ್ತಾಗುತ್ತದೆ. ರೋಜರ್ ವಿಲಿಯಮ್ಸ್ ಜನಪ್ರಿಯ ಪಿಯಾನೊ ವಾದಕ. ಓಕ್ಸ್ ಪತ್ರಿಕೆಯ ಸುದ್ದಿಯನ್ನೇ ಹಾಡು ಮಾಡುತ್ತಿದ್ದವನು. ಅಂದರೆ ಪ್ರೈನ್ ಸುದ್ದಿ ಹೇಳುವವನಲ್ಲ, ಮನುಷ್ಯರನ್ನು ತೋರಿಸುವವನು ಅಂತಾಯಿತು. ನೀವೂ ಬರೆಯುವಾಗ ಎರಡು ಹೆಸರು ಇಟ್ಟುಕೊಂಡು ನೋಡಿ. ಒಂದೇ ಹೆಸರು ಇದ್ದರೆ ಅದು ಬಿರುದು ಆಗಿಬಿಡುತ್ತದೆ.

ಈಗ ಕೆಲಸಕ್ಕೆ ಬನ್ನಿ

ಮೊದಲ ಸಲ ಕೇಳುವಾಗ ಏನೂ ಬರೆಯಬೇಡಿ. ಎರಡನೇ ಸಲ ಸಾಹಿತ್ಯ ಮಾತ್ರ, ಕೈಯಲ್ಲಿ ಬರೆದುಕೊಳ್ಳಿ. ಫೋನಲ್ಲಿ ಟೈಪ್ ಮಾಡಬೇಡಿ, ಸುಮ್ನೆ ಒಂದು ಹಾಳೆ ತಗೊಳ್ಳಿ. ಬರೆಯುವಾಗ ಯಾವ ಸಾಲು ಎಷ್ಟು ಸಲ ಬಂತು, ಎಲ್ಲಿ ಉಸಿರು ತಗೊಂಡ, ಎಲ್ಲಿ ಪದ ನುಂಗಿದ ಅನ್ನುವುದೆಲ್ಲ ಗೊತ್ತಾಗುತ್ತದೆ. ಮೂರನೇ ಸಲ ಸಾಹಿತ್ಯ ಬಿಟ್ಟು ಧಾಟಿ ಹಿಡಿಯಿರಿ. ಈ ಧಾಟಿ ಎಲ್ಲೋ ಕೇಳಿದ ಹಾಗಿದೆಯಾ? ಸೋಬಾನೆಯದಾ, ತತ್ವಪದದ್ದಾ, ಭಜನೆಯದಾ, ಇಳಯರಾಜ ಅವರ ಹಳೇ ಹಾಡಿನದಾ?

ಒಂದು ಹಾಡನ್ನೇ ಇಟ್ಟುಕೊಂಡು ತೋರಿಸುತ್ತೇನೆ. ಇತ್ತೀಚೆಗೆ ಕೋಲಾರದಲ್ಲಿ ಒಬ್ಬ ಹುಡುಗ ಹಾಡಿದ್ದನ್ನು ಕೇಳಿದೆ, ಹೆಸರು ಬೇಡ, ಇನ್ನೂ ಓದುತ್ತಿದ್ದಾನೆ. ಊರಿಗೆ ಬೋರ್‌ವೆಲ್ ಲಾರಿ ಬಂದ ರಾತ್ರಿಯ ಹಾಡು. ತೆಂಗಿನಕಾಯಿ ಇಟ್ಟು ಪಾಯಿಂಟ್ ಮಾಡಿದವನು ದುಡ್ಡು ತಗೊಂಡು ಹೋಗಿದ್ದಾನೆ. ಅಪ್ಪ ಲಾರಿ ಪಕ್ಕ ನಿಂತಿದ್ದಾನೆ, ಅಮ್ಮ ಜಗಲಿ ಮೇಲೆ ಕೂತು ಒಳಗೆ ಹೋಗುವ ರಾಡ್ ಎಣಿಸುತ್ತಿದ್ದಾಳೆ. ಪ್ರತಿ ಚರಣದ ಕೊನೆಗೂ ‘ಎಷ್ಟು ಅಡಿ?’ ಅಂತ ಒಂದೇ ಪ್ರಶ್ನೆ. ಉತ್ತರ ಇನ್ನೂರು, ಆರುನೂರು, ಒಂಬೈನೂರು, ಸಾವಿರದ ಮುನ್ನೂರು. ಮೇಲಕ್ಕೆ ಬರುವುದು ಬಿಳೀ ಕಲ್ಲಿನ ಹಿಟ್ಟು ಮಾತ್ರ. ಪಕ್ಕದಲ್ಲಿ ಅವನ ಗೆಳೆಯ ತಮಟೆಯನ್ನು ಕೋಲಿನಲ್ಲಿ ಹೊಡೆಯದೆ ಬೆರಳಲ್ಲಿ ತಟ್ಟುತ್ತಿದ್ದ. ಅಡಿ ಹೆಚ್ಚಾದಂತೆ ತಟ್ಟುವುದು ನಿಧಾನ ಆಗುತ್ತಾ ಹೋಗುತ್ತಿತ್ತು. ಸಾವಿರದ ಮುನ್ನೂರಕ್ಕೆ ಬಂದಾಗ ಅಮ್ಮ ರಾಡ್ ಎಣಿಸುವುದು ಬಿಟ್ಟು ಬಡ್ಡಿ ಎಣಿಸುತ್ತಾಳೆ.

ಹಾಡು ಮುಗಿದ ತಕ್ಷಣ ನನ್ನ ಪಕ್ಕದಲ್ಲಿದ್ದವರು ‘ಡಿಲನ್ ಅಲ್ವಾ ಸಾರ್ ಇದು!’ ಅಂದರು. ಅವರು ಹಾಗೆ ಅಂದಿದ್ದಕ್ಕೆ ಕಾರಣ ಇದೆ. ಡಿಲನ್‌ನ ‘ಬ್ಲೋಯಿಂಗ್ ಇನ್ ದ ವಿಂಡ್’ ಹಾಡೂ ಪ್ರಶ್ನೆಯ ಮೇಲೆ ಪ್ರಶ್ನೆ, ಅಲ್ಲೂ ‘ಎಷ್ಟು’ ಅನ್ನುವುದೇ ಮತ್ತೆ ಮತ್ತೆ ಬರುತ್ತದೆ. ಈಗ ಸ್ವಲ್ಪ ಹತ್ತಿರದಿಂದ ನೋಡಿ. ಡಿಲನ್‌ನ ಪ್ರಶ್ನೆಗಳಿಗೆ ಲೆಕ್ಕದ ಉತ್ತರ ಇಲ್ಲ, ಉತ್ತರವನ್ನು ಗಾಳಿಗೆ ಬಿಟ್ಟಿದ್ದಾನೆ, ಆ ಹಾಡಿನ ಶಕ್ತಿಯೇ ಅದು. ನಮ್ಮ ಹುಡುಗನ ಹಾಡಲ್ಲಿ ಪ್ರತಿ ಪ್ರಶ್ನೆಗೂ ಉತ್ತರ ಇದೆ, ಅಡಿ ಲೆಕ್ಕದಲ್ಲಿ, ದುಡ್ಡಿನ ಲೆಕ್ಕದಲ್ಲಿ. ಉತ್ತರ ಸಿಗುತ್ತಿರುವುದೇ ಇಲ್ಲಿನ ಸಂಕಟ. ಮೇಲಿಂದ ನೋಡಿದರೆ ಒಂದೇ ಥರ ಕಾಣುವ ಎರಡು ಹಾಡು ಒಳಗೆ ಪೂರ್ತಿ ಉಲ್ಟಾ ಇವೆ.

ಅಮೆರಿಕದ ಹೆಸರೇ ಬೇಕು ಅಂದರೆ ನಾನು ಎತ್ತುವುದು ಮರ್ಲ್ ಟ್ರಾವಿಸ್ ಹೆಸರನ್ನು. ಕೆಂಟಕಿಯ ಕಲ್ಲಿದ್ದಲು ಗಣಿ ಕೆಲಸಗಾರನ ಮಗ. 1946ರಲ್ಲಿ ಅವನು ‘ಸಿಕ್ಸ್‌ಟೀನ್ ಟನ್ಸ್’ ರೆಕಾರ್ಡ್ ಮಾಡಿದ, 1955ರಲ್ಲಿ ಟೆನೆಸಿ ಅರ್ನಿ ಫೋರ್ಡ್ ಹಾಡಿದ ಮೇಲೆ ಅದು ಮನೆಮಾತಾಯಿತು. ಹದಿನಾರು ಟನ್ ಕಲ್ಲಿದ್ದಲು ತುಂಬಿದರೂ ಕೊನೆಗೆ ಉಳಿಯುವುದು ಸಾಲವೇ, ಕೂಲಿ ಎಲ್ಲ ಕಂಪನಿ ಅಂಗಡಿಗೇ ಹೋಗುತ್ತದೆ. ಅಲ್ಲಿ ಟನ್ ಲೆಕ್ಕ, ಇಲ್ಲಿ ಅಡಿ ಲೆಕ್ಕ. ಎರಡೂ ಕಡೆ ನೆಲದ ಒಳಗೆ ಇಳಿದಷ್ಟೂ ಸಾಲದ ಒಳಗೂ ಇಳಿಯುವುದು. ಕೆಜಿಎಫ್ ಇರುವ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಜನರನ್ನು ಇಳಿಸಿದ ಗಣಿ ನಮ್ಮದು, 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಹೋಲಿಕೆ ಇಷ್ಟು ಬೆಳಕು ಕೊಟ್ಟರೆ ಮಾತ್ರ ಇಟ್ಟುಕೊಳ್ಳಿ. ಡಿಲನ್‌ಗಿಂತ ಟ್ರಾವಿಸ್‌ಗೆ ಹತ್ತಿರ: ನೋಡಿ, ಎರಡು ಕಂಬ ಆಯಿತು.

‘ಯಾವ ಡಿಲನ್?’

ಆದರೂ ಡಿಲನ್ ಹೆಸರೇ ಹಾಕಬೇಕು ಅನ್ನಿಸಿದರೆ ನಿಮ್ಮನ್ನು ನೀವೇ ಕೇಳಿಕೊಳ್ಳಿ, ಯಾವ ಡಿಲನ್? 1963ರವನಾ, ಒಂದು ಗಿಟಾರ್, ಕುತ್ತಿಗೆಗೆ ಸಿಕ್ಕಿಸಿದ ಮೌತ್ ಆರ್ಗನ್, ಯುದ್ಧ ಮತ್ತು ವರ್ಣಭೇದದ ಮಾತು? 1965ರವನಾ, ಎಲೆಕ್ಟ್ರಿಕ್ ಬ್ಯಾಂಡ್, ಆರು ನಿಮಿಷ ದಾಟಿದ ಸಿಂಗಲ್? 1969ರಲ್ಲಿ ದನಿಯನ್ನೇ ನುಣುಪು ಮಾಡಿಕೊಂಡು ಕಂಟ್ರಿ ಹಾಡಿದವನಾ? 1975ರಲ್ಲಿ ಮುರಿದ ಸಂಬಂಧಗಳ ಬಗ್ಗೆ ಹಾಡಿದವನಾ, 1979ರಲ್ಲಿ ದೇವರ ಹಾಡು ಹಾಡಿದವನಾ? ಇವರೆಲ್ಲ ಒಬ್ಬನೇ, ಆದರೆ ಒಂದೇ ಥರ ಅಲ್ಲ. ‘ಡಿಲನ್ ಹಾಗೆ’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ‘1965ರ ಡಿಲನ್ ಹಾಗೆ ಒಂದು ಸಾಲಿಗೆ ಹಿಡಿಸುವುದಕ್ಕಿಂತ ಜಾಸ್ತಿ ಮಾತು ತುಂಬುತ್ತಾನೆ’ ಅಂದರೆ ಓದುಗರ ಕಿವಿಗೆ ಏನೋ ಸಿಕ್ಕಿತು.

ಹುಡುಗಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗಿಟಾರ್ ಹಿಡಿದ ಹೆಣ್ಣುಮಕ್ಕಳೆಲ್ಲ ಜೋನಿ ಮಿಚೆಲ್ ಅಲ್ಲ. ಮೊದಲನೇದಾಗಿ ಆಕೆ ಹುಟ್ಟಿ ಬೆಳೆದಿದ್ದು ಕೆನಡಾದಲ್ಲಿ. ಕೋಹೆನ್, ನೀಲ್ ಯಂಗ್ ಕೂಡ ಅಲ್ಲಿಯವರೇ, ಮೂವರನ್ನೂ ‘ಅಮೆರಿಕದ ದಂತಕಥೆ’ ಅಂತ ಬರೆದಿದ್ದನ್ನು ನಾನೇ ಓದಿದ್ದೇನೆ. ಎರಡನೇದು, ಮಿಚೆಲ್‌ಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎಡಗೈ ಶಕ್ತಿ ಕುಂದಿತ್ತು. ಸಾಮಾನ್ಯ ಶ್ರುತಿಯಲ್ಲಿ ಕಷ್ಟದ ಕಾರ್ಡ್ ಹಿಡಿಯುವುದು ಆಗದೆ ಆಕೆ ತಂತಿಗಳನ್ನೇ ಬೇರೆ ಬೇರೆ ಥರ ಶ್ರುತಿ ಮಾಡಿಕೊಂಡಳು. ಆ ಹಾಡುಗಳ ವಿಚಿತ್ರವಾದ, ತೇಲುವ ಸದ್ದು ಬಂದಿದ್ದು ಅಲ್ಲಿಂದ. ನಮ್ಮ ಹುಡುಗಿ ಮಾಮೂಲಿ ಶ್ರುತಿಯಲ್ಲಿ ಮೂರು ಕಾರ್ಡ್ ನುಡಿಸಿ ಚೆಂದವಾಗಿ ಹಾಡುತ್ತಿದ್ದರೆ ಅದು ಅವಳ ಚೆಂದ, ಅದಕ್ಕೆ ಮಿಚೆಲ್ ಹೆಸರು ಬೇಡ. ಗಂಡು ಹೆಣ್ಣು ಅನ್ನುವುದೊಂದೇ ಹೋಲಿಕೆಗೆ ಆಧಾರ ಆದರೆ ಆ ಹೋಲಿಕೆ ಬಿಟ್ಟುಬಿಡಿ.

ಆರ್ಕೆಸ್ಟ್ರಾದಲ್ಲಿ ‘ಜೂನಿಯರ್ ರಾಜ್‌ಕುಮಾರ್’ ಅಂತ ಬರುತ್ತಾರಲ್ಲ, ಅದು ಬೇರೆ. ಅವರು ಅಣ್ಣಾವ್ರ ಹಾಗೇ ಹಾಡಬೇಕು ಅಂತಲೇ ವೇದಿಕೆ ಹತ್ತುವವರು, ಹೋಲಿಕೆಯೇ ಅವರ ಕಸುಬು. ಸ್ವಂತ ಹಾಡು ಕಟ್ಟುವವರಿಗೆ ಆ ಅಳತೆ ಹಿಡಿಯಬಾರದು.

ಹತ್ತಿರದವರ ಹೆಸರು ಮೊದಲು

ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ತಾನೇ ಕಟ್ಟಿ ತಾನೇ ಹಾಡುವವನಿಗೆ ಹೆಸರು ಹುಡುಕಿಕೊಂಡು ನಾವು ಮಿನೆಸೊಟಾಗೆ ಹೋಗಬೇಕಾಗಿಲ್ಲ. ಸಿನಿಮಾ ಹಾಡೇ ಹಾಡು ಅಂದುಕೊಂಡಿರುವುದರಿಂದ ಹಾಗನ್ನಿಸುತ್ತದೆ, ಅಷ್ಟೇ. ಕೈವಾರದ ನಾರೇಯಣ ತಾತಯ್ಯನವರು ಬಳೆ ಮಾರುತ್ತಿದ್ದವರು, ಕನ್ನಡ ತೆಲುಗು ಎರಡರಲ್ಲೂ ಪದ ಕಟ್ಟಿದವರು. ಚಿಂತಾಮಣಿ ಕಡೆಯ ಭಜನೆ ತಂಡಗಳು ಇವತ್ತಿಗೂ ಹಾಡುತ್ತವೆ. ನಿಮ್ಮ ಹುಡುಗ ಒಂದು ಸಾಲು ಕನ್ನಡ, ಒಂದು ಸಾಲು ತೆಲುಗು ಬೆರೆಸಿ ಹಾಡಿದರೆ ಅದು ಹೊಸ ಪ್ರಯೋಗ ಅಲ್ಲ, ಈ ಗಡಿಯ ಹಳೇ ರೂಢಿ ಅಂತ ಬರೆಯಿರಿ. ಅವನಿಗೂ ಅದು ಗೊತ್ತಿರಲಿಕ್ಕಿಲ್ಲ.

ಶಿಶುನಾಳ ಷರೀಫರು ತೀರಿಕೊಂಡಿದ್ದು 1889ರಲ್ಲಿ. ಸಿ. ಅಶ್ವತ್ಥ್ ಅವರ ದನಿಯಲ್ಲಿ ಕ್ಯಾಸೆಟ್ಟಿಗೆ ಬಂದ ಮೇಲೆ ಆ ಪದಗಳು ನಮ್ಮ ಕಡೆಯ ಹೋಟೆಲು, ಬಸ್ಸುಗಳಲ್ಲೂ ಕೇಳಿದವು. ದಿನಬಳಕೆಯ ವಸ್ತು ಒಂದನ್ನು ಹಿಡಿದು ಒಳಗೆ ಬೇರೆ ಅರ್ಥ ಇಡುವ ಹಾಡು ಸಿಕ್ಕರೆ ಮೊದಲು ಷರೀಫರ ಕಡೆ ನೋಡಿ.

ಇನ್ನು ಕೋಲಾರ ಅಂದರೆ ಹೋರಾಟದ ಹಾಡಿನ ನೆಲ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದು ನಿಂತ ಮೇಲೆ ಸಿದ್ದಲಿಂಗಯ್ಯನವರ ಕವಿತೆಗಳು ಹಾಡಾಗಿ ಹಳ್ಳಿಹಳ್ಳಿಗೆ ಹೋದವು, ಜಾಥಾಗಳಲ್ಲಿ ತಮಟೆಯ ಜೊತೆ ಹಾಡಿದವರಲ್ಲಿ ನಮ್ಮ ಜಿಲ್ಲೆಯವರೇ ಎಷ್ಟು ಜನ. ಕೋಟಿಗಾನಹಳ್ಳಿ ರಾಮಯ್ಯ ಅವರು ಬರೆದ ಹಾಡುಗಳು, ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅವರ ದನಿ ಕೇಳದೆ ಕೋಲಾರದ ಹೊಸ ಹಾಡುಗಾರನ ಬಗ್ಗೆ ಬರೆಯಲು ಕೂರಬೇಡಿ. ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ನಡೆದ ‘ಹುಣ್ಣಿಮೆ ಹಾಡು’ ಕಾರ್ಯಕ್ರಮಗಳಲ್ಲಿ ಎಷ್ಟೋ ಹುಡುಗರು ಮೊದಲ ಸಲ ಇಂಥ ಹಾಡು ಕೇಳಿದ್ದಾರೆ. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ತೆಲುಗಿನ ಹೋರಾಟದ ಹಾಡುಗಾರ ಗದ್ದರ್ ಹಾಡುಗಳೂ ಇಲ್ಲಿ ಕಿವಿಗೆ ಬಿದ್ದಿರುತ್ತವೆ. ಬೋರ್‌ವೆಲ್ ಹಾಡಿನ ತಮಟೆ ಬಂದಿದ್ದು ಈ ಕಡೆಯಿಂದ, ನ್ಯೂಯಾರ್ಕ್‌ನಿಂದ ಅಲ್ಲ.

ಇದನ್ನು ಗ್ಯಾರಂಟಿ ಮಾಡಿಕೊಳ್ಳಲು ಸುಲಭದ ದಾರಿ ಒಂದಿದೆ, ಯಾರೂ ಮಾಡುವುದಿಲ್ಲ: ಹಾಡಿದವನನ್ನೇ ಕೇಳಿ. ‘ಚಿಕ್ಕವನಿದ್ದಾಗ ಮನೇಲಿ ಏನು ಕೇಳ್ತಿದ್ರಿ?’ ಅಂತ ಶುರು ಮಾಡಿ. ‘ನಿಮ್ಮ ಸ್ಫೂರ್ತಿ ಯಾರು?’ ಅಂತ ಕೇಳಿದರೆ ದೊಡ್ಡ ಹೆಸರೇ ಹೇಳುತ್ತಾರೆ, ಅದು ಬೇಡ. ಬೋರ್‌ವೆಲ್ ಹಾಡಿನ ಹುಡುಗ ಡಿಲನ್‌ನ ಒಂದು ಹಾಡೂ ಪೂರ್ತಿ ಕೇಳಿರಲಿಲ್ಲ. ಧಾಟಿ ಅಜ್ಜಿ ಹೇಳುತ್ತಿದ್ದ ಸೋಬಾನೆ ಪದದ್ದು, ನಿಧಾನ ಮಾಡಿಕೊಂಡಿದ್ದೇನೆ ಅಂದ. ಮದುವೆಯ ಧಾಟಿಯಲ್ಲಿ ಸಾಲದ ಹಾಡು! ಇದನ್ನು ಬಿಟ್ಟು ಇನ್ನೇನು ಬರೆಯುತ್ತೀರಿ ಹೇಳಿ?

ಹಳೇ ಧಾಟಿ ತಗೊಂಡರೆ ಕದ್ದ ಹಾಗೆ ಅಂತಲೂ ಬರೆಯಬೇಡಿ. ಡಿಲನ್‌ನ ಆ ಪ್ರಶ್ನೆಗಳ ಹಾಡಿನ ಧಾಟಿಯ ಮೂಲವೂ ಗುಲಾಮಗಿರಿಯ ಕಾಲದ ಕಪ್ಪು ಜನರ ಒಂದು ಹಾಡು, ಅವನೇ ಒಪ್ಪಿಕೊಂಡಿದ್ದಾನೆ. ಹೋಲಿಸುವುದಾದರೆ ಈ ವಿಷಯಕ್ಕೆ ಹೋಲಿಸಿ, ಇಲ್ಲಿ ಡಿಲನ್ ಹೆಸರು ಸರಿಯಾಗಿ ಕೂರುತ್ತದೆ.

ಬರೆದು ನೋಡೋಣ

ನಮ್ಮಲ್ಲಿ ಸಾಮಾನ್ಯವಾಗಿ ಬರುವುದು ಹೀಗೆ: ‘ಕೋಲಾರದ ಬಾಬ್ ಡಿಲನ್ ಎಂದೇ ಕರೆಯಬಹುದಾದ ಈ ಯುವ ಪ್ರತಿಭೆ ತಮ್ಮ ಮನಮುಟ್ಟುವ ಗಾಯನದಿಂದ ನೆರೆದಿದ್ದ ಪ್ರೇಕ್ಷಕರನ್ನು ಮಂತ್ರಮುಗ್ಧಗೊಳಿಸಿದರು.’ ಇದನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು, ಹಾಡು ಕೇಳದೆಯೂ ಬರೆಯಬಹುದು.

ನಾನಾಗಿದ್ದರೆ ಹೀಗೆ ಬರೆಯುತ್ತೇನೆ: ‘ಬೋರ್‌ವೆಲ್ ಲಾರಿ ಬಂದ ರಾತ್ರಿಯ ಹಾಡು ಇದು. ಎಷ್ಟು ಅಡಿ ಅಂತ ಕೇಳುತ್ತಾ ಹೋಗುತ್ತಾನೆ, ಉತ್ತರ ಬರುತ್ತಾ ಹೋಗುತ್ತದೆ, ನೀರು ಬರುವುದಿಲ್ಲ. ಅಜ್ಜಿಯ ಸೋಬಾನೆ ಧಾಟಿಯನ್ನು ಅರ್ಧ ವೇಗಕ್ಕೆ ಇಳಿಸಿದ್ದಾನೆ. ತಮಟೆ ನಮ್ಮ ಜಾಥಾಗಳಲ್ಲಿ ಕೇಳಿದ್ದೇ, ಆದರೆ ಇಲ್ಲಿ ಕೂಗುವುದಿಲ್ಲ, ಪಿಸುಗುಡುತ್ತದೆ. ಪ್ರಶ್ನೆಗಳನ್ನು ಕೇಳಿ ಡಿಲನ್ ನೆನಪಾಗಬಹುದು, ಆದರೆ ಲೆಕ್ಕ ಮತ್ತು ಸಾಲ ಇವನನ್ನು ಕೆಂಟಕಿ ಗಣಿಗಳ ಮರ್ಲ್ ಟ್ರಾವಿಸ್ ಕಡೆಗೆ ಎಳೆಯುತ್ತವೆ. ಮೂರನೇ ಚರಣದಲ್ಲಿ ಪದ ಸ್ವಲ್ಪ ಜಾಸ್ತಿ ಆಗಿ ತಾಳ ತಪ್ಪುತ್ತದೆ.’ ಕೊನೇ ವಾಕ್ಯ ಬಿಡಬೇಡಿ. ಹೊಗಳಿಕೆಯ ಮಧ್ಯೆ ಒಂದು ನೇರ ಮಾತು ಇದ್ದರೆ ಉಳಿದದ್ದನ್ನೂ ಜನ ನಂಬುತ್ತಾರೆ.

ಬರೆದಾದ ಮೇಲೆ ಒಂದು ಪರೀಕ್ಷೆ. ದೊಡ್ಡ ಹೆಸರುಗಳನ್ನೆಲ್ಲ ಹೊಡೆದು ಹಾಕಿ ಓದಿ. ಹಾಡು ಇನ್ನೂ ಕಣ್ಣಿಗೆ ಕಟ್ಟುತ್ತದಾ? ಕಟ್ಟಿದರೆ ಹೆಸರುಗಳನ್ನು ವಾಪಸ್ ಹಾಕಿ. ಖಾಲಿ ಅನ್ನಿಸಿದರೆ ಹಾಡನ್ನು ಇನ್ನೊಂದು ಸಲ ಕೇಳಬೇಕು ಅಂತ ಅರ್ಥ. ಇನ್ನೊಂದು, ಹೋಲಿಕೆಯನ್ನು ಶೀರ್ಷಿಕೆಗೆ ಬಿಡಬೇಡಿ. ಪತ್ರಿಕೆಗೆ ಕೊಡುವಾಗ ಶೀರ್ಷಿಕೆಯನ್ನೂ ನೀವೇ ಬರೆದು ಕೊಡಿ, ಇಲ್ಲದಿದ್ದರೆ ಡೆಸ್ಕಿನಲ್ಲಿ ‘ಕೋಲಾರದ ಡಿಲನ್’ ಆಗಿಯೇ ಆಗುತ್ತದೆ.

ಬೇರೆಯವರು ಮಾಡಿದ ಹೋಲಿಕೆ ಓದುವಾಗ, ಹೇಳಿದವರು ಯಾರು ಅಂ‍ತ ನೋಡಿ. 1974ರಲ್ಲಿ ‘ರಾಕ್ ಅಂಡ್ ರೋಲ್‌ನ ಭವಿಷ್ಯ ನೋಡಿದೆ, ಅದರ ಹೆಸರು ಬ್ರೂಸ್ ಸ್ಪ್ರಿಂಗ್‌ಸ್ಟೀನ್’ ಅಂತ ಬರೆದ ವಿಮರ್ಶಕ ಜಾನ್ ಲ್ಯಾಂಡೌ ಆಮೇಲೆ ಅವನ ಮ್ಯಾನೇಜರ್ ಆದ. ಹಾಡು ಬರೆಯುವುದರಲ್ಲಿ ಟೌನ್ಸ್ ವ್ಯಾನ್ ಜಾಂಟ್ ಜಗತ್ತಲ್ಲೇ ಶ್ರೇಷ್ಠ, ಬೇಕಾದರೆ ಡಿಲನ್‌ನ ಕಾಫಿ ಟೇಬಲ್ ಹತ್ತಿ ನಿಂತು ಹೇಳುತ್ತೇನೆ ಅಂದ ಹಾಡುಗಾರ ಸ್ಟೀವ್ ಅರ್ಲ್, ಟೌನ್ಸ್‌ನನ್ನು ಗುರು ಅಂತ ತಿಳಿದವನು. ಇಬ್ಬರ ಮಾತೂ ಸುಳ್ಳಲ್ಲ, ಪ್ರೀತಿಯಿಂದಲೇ ಹೇಳಿದ್ದು. ಪ್ರೀತಿಯ ಮಾತನ್ನು ಪ್ರೀತಿ ಅಂತಲೇ ಓದಿ, ಅಳತೆ ಅಂತ ಓದಬೇಡಿ.

ಅದೇ ಹಾಡುಗಾರನ ಬಗ್ಗೆ ಎರಡನೇ ಸಲ ಬರೆಯುವಾಗ ಮೊದಲ ಸಲ ಬಳಸಿದ ಹೆಸರು ಮತ್ತೆ ಬಳಸಬೇಡಿ, ಡಿಲನ್ನೂ ಬೇಡ, ಟ್ರಾವಿಸ್ಸೂ ಬೇಡ. ಈಗ ಹೋಲಿಸಲು ಅವನದೇ ಹಳೇ ಹಾಡು ಇದೆ. ಬೋರ್‌ವೆಲ್ ಹುಡುಗ ಈಗ ಟೊಮೇಟೊ ಮಂಡಿ ಮೇಲೆ ಒಂದು ಹಾಡು ಕಟ್ಟುತ್ತಿದ್ದಾನಂತೆ. ಅದು ಬಂದಾಗ ನಾನು ಮೊದಲು ನೋಡುವುದು, ಲೆಕ್ಕ ಅಡಿಯಿಂದ ಬಾಕ್ಸಿಗೆ ಬದಲಾಗಿದೆಯಾ, ಅಮ್ಮ ಇನ್ನೂ ಎಣಿಸುತ್ತಿದ್ದಾಳಾ, ಮೂರನೇ ಚರಣದ ತಾಳ ಈ ಸಲ ಸರಿಹೋಗಿದೆಯಾ ಅಂತ.